ಹಡಗಿನ ಮೇಲೆ ಅವ್ವನ ಗ್ರಹಣ

ಹೊಳೆನರಸೀಪುರದಲ್ಲಿ ಹಲ್ಲು ಕೀಳುವುದು ನನ್ನ ಕಸುಬು. ಬಂದವರೆಲ್ಲ ತಾವು ಬಾಯಿ ತೆರೆಯುವ ಮೊದಲು ನನ್ನ ತುಟಿ ನೋಡುತ್ತಾರೆ. ಹುಟ್ಟುವಾಗಲೇ ಸೀಳಿತ್ತು, ಮೈಸೂರಿನಲ್ಲಿ ಹೊಲಿಸಿದರು. ನನಗೇನೂ ಬೇಸರವಿಲ್ಲ. ಬೇಸರವೆಲ್ಲ ಅವ್ವನದು. ನಾನು ಹೊಟ್ಟೆಯಲ್ಲಿದ್ದಾಗ ಸೂರ್ಯಗ್ರಹಣದ ಹೊತ್ತಿನಲ್ಲೇ, ಬಯಕೆ ತಾಳಲಾರದೆ, ಈಳಿಗೆಮಣೆ ಹಾಕಿಕೊಂಡು ಮಾವಿನಕಾಯಿ ಹೆಚ್ಚಿದ್ದಳಂತೆ. ಬಸುರಿ ಗ್ರಹಣದಲ್ಲಿ ಏನನ್ನಾದರೂ ಕೊಯ್ದರೆ ಮಗುವಿನ ತುಟಿ ಸೀಳುತ್ತದೆ ಎಂದು ನಮ್ಮೂರು ದುದ್ದದ ಹೆಂಗಸರು ತೀರ್ಪು ಕೊಟ್ಟರು. ನಲವತ್ತು ವರ್ಷ ದಾಟಿದರೂ ಅವ್ವ ಅದನ್ನು ಹೊತ್ತುಕೊಂಡೇ ಇದ್ದಳು. ಡಾಕ್ಟರಾದ ಮಗಳು ನಾನು ಎಷ್ಟು ಬಿಡಿಸಿ ಹೇಳಿದರೂ "ನಿಂಗೇನ್ ಗೊತ್ತು, ಸುಮ್ಕಿರು" ಅನ್ನುವಳು.

ಗ್ರಹಣದ ಆ ಭಯ ಬಿಡಿಸಲೆಂದೇ ಅವಳನ್ನು ಮೆಕ್ಸಿಕೋ ಕಡೆ ಗ್ರಹಣ ತೋರಿಸುವ ಹಡಗು ಹತ್ತಿಸಿದೆ. ಬ್ಯಾಗಿನ ತುಂಬ ದರ್ಭೆ ತಂದಿದ್ದಳು. ಏರ್‌ಪೋರ್ಟಿನವರು ಮೂಸಿ ನೋಡಿ ಕಿತ್ತುಕೊಂಡರು. ಗ್ರಹಣದ ದಿನ ಹಡಗಿನವರು ಡೆಕ್ಕಿನ ಮೇಲೆ ಕೇಕು, ಹಣ್ಣು ಜೋಡಿಸಿದ್ದರು.

"ಗ್ರಾಣ ಇಡ್ಕಂಡೈತೆ, ಇವ್ರು ತಿಂತಾವ್ರಲ್ಲ ಮಗಾ!" ಎಂದು ಅವ್ವ ಗೋಡೆಗೆ ಮುಖ ಮಾಡಿ ಕುಳಿತಳು. ಕಪ್ಪು ಕನ್ನಡಕ ಕೊಟ್ಟರೂ ಮುಟ್ಟಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಕರೆತಂದದ್ದು ಗೋಡೆ ತೋರಿಸಲಿಕ್ಕೇ?

ಬಿಸಿಲು ಮಂಕಾಗತೊಡಗಿತು. ಅಷ್ಟರಲ್ಲಿ ಅವ್ವ ದಡಕ್ಕನೆ ಎದ್ದಳು. ಪಕ್ಕದಲ್ಲಿ ಅಮೆರಿಕದ ಬಸುರಿ ಹೆಂಗಸೊಬ್ಬಳು ಸೇಬು ಹೆಚ್ಚುತ್ತಿದ್ದಳು. ಅವ್ವ ಹೋದವಳೇ ಚಾಕು ಕಿತ್ತುಕೊಂಡಳು! ನಾನು ಹಿಂದೆಯೇ ಓಡಿ, ಕ್ಷಮೆ ಕೇಳಿ, ಕಾರಣ ಹೇಳಿದೆ. ಆಕೆ ನಕ್ಕು, ತನ್ನ ಆರು ವರ್ಷದ ಮಗಳನ್ನು ಮುಂದೆ ನಿಲ್ಲಿಸಿದಳು. ಇವಳು ಹೊಟ್ಟೆಯಲ್ಲಿದ್ದಾಗಲೂ ಅವರ ಊರಲ್ಲಿ ಪೂರ್ಣಗ್ರಹಣವಂತೆ. ಆಕೆ ಹಿತ್ತಲಲ್ಲಿ ಕೂತು ನೆಂಟರಿಗೆಲ್ಲ ಕಲ್ಲಂಗಡಿ ಹೆಚ್ಚಿ ಕೊಟ್ಟಿದ್ದಳಂತೆ. ಅಷ್ಟನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ಆ ಹುಡುಗಿಯ ಗಲ್ಲ ಹಿಡಿದೆತ್ತಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತುಟಿ ನೋಡಿದಳು. ಹುಡುಗಿ ಮುಂದಿನ ಎರಡು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

ಆಗಲೇ ಪೂರ್ತಿ ಕತ್ತಲಾಯಿತು. ಜನವೆಲ್ಲ ಹೋ ಎಂದು ಕೂಗಿದರು. ನಡುಹಗಲಲ್ಲಿ ಚುಕ್ಕಿ ಮೂಡಿತ್ತು. ಸೂರ್ಯನಿದ್ದ ಕಡೆ ಕಪ್ಪು ಬಿಲ್ಲೆ, ಸುತ್ತ ಬಿಳಿ ಬೆಳಕು. ನೋಡವ್ವ ಎಂದು ತಿರುಗಿದರೆ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಂಗಾರೆ ನನ್ನಿಂದ ಅಲ್ವಾ ಮಗಾ?"

"ಅಲ್ಲ ಕಣವ್ವ."

ಅವ್ವ ಅಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. "ಇನ್ನೊಂದ್ ಮಗೀಗೂ ಇಂಗೇ ಮಾಡ್ಬುಟ್ಟೇನು ಅಂತ, ನೀನಾದ್ಮೇಲೆ ಇನ್ ಮಕ್ಳೇ ಬ್ಯಾಡ ಅಂದ್ಬುಟ್ಟೆ ಕಣೆ."

ಅಲ್ಲಿಯವರೆಗೆ ನನಗೆ ಅದು ಗೊತ್ತೇ ಇರಲಿಲ್ಲ.