ಅಳಬಾರದ ಕಣ್ಣು

ನನಗೆ ದೂರದ್ದು ಕಾಣುವುದಿಲ್ಲ ಎಂದು ಮೊದಲು ಕಂಡುಹಿಡಿದವರು ರಾಯಲ್ಪಾಡಿನ ನಮ್ಮ ಪೆದ್ದಮ್ಮ, ಅಂದರೆ ಅಮ್ಮನ ಅಕ್ಕ. ಎರಡನೇ ಕ್ಲಾಸಿನ ಬೇಸಿಗೆ ರಜೆ. ತೋಟದಲ್ಲಿ ನಿಲ್ಲಿಸಿಕೊಂಡು, ಆ ಕೊಂಬೆಯಲ್ಲಿ ಎಷ್ಟು ಮಾವಿನಕಾಯಿ ಇದೆ ಹೇಳು ಎಂದರು. ನನಗೆ ಕೊಂಬೆಯೇ ಕಾಣಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಈಗಲೇ ಕನ್ನಡಕ ಹಾಕಿಸಿದರೆ ಮುಂದೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅಮ್ಮ ರಾಗ ಎಳೆದರು. ಪೆದ್ದಮ್ಮ ಕಿವಿಗೆ ಹಾಕಿಕೊಳ್ಳದೆ ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿ ಕೋಲಾರದಲ್ಲಿ ಕನ್ನಡಕ ಕೊಡಿಸಿದರು.

ಆ ಕನ್ನಡಕವನ್ನು ಇಪ್ಪತ್ನಾಲ್ಕು ವರ್ಷ ಬೈದುಕೊಂಡೇ ಹಾಕಿದೆ. ನರಸಾಪುರದ ಕಾರ್ಖಾನೆಯಲ್ಲಿ ಮಾಸ್ಕ್ ಹಾಕಿಕೊಂಡು ಸಣ್ಣ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಉಸಿರು ಬಿಟ್ಟರೆ ಗಾಜು ಮಬ್ಬು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಸಂಜೆಗೆ ಕಣ್ಣು ಕೆಂಪು. ಆಪರೇಷನ್ ಮಾಡಿಸಿ ಕನ್ನಡಕ ಬಿಡಬೇಕೆಂದು ಎಲ್ಲರ ಹತ್ತಿರವೂ ಕೆಲಸದ ನೆಪ ಹೇಳುತ್ತಿದ್ದೆ. ನಿಜಕ್ಕೂ ಇದ್ದದ್ದು ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂಬ ಚಪಲ.

ಆಪರೇಷನ್ನಿನಲ್ಲೂ ಬಗೆಗಳಿವೆಯೆಂದು ಆಸ್ಪತ್ರೆಗೆ ಹೋದಾಗಲೇ ಗೊತ್ತಾದದ್ದು. ಕಾರ್ನಿಯಾದ ಮೇಲೆ ತೆಳುವಾದ ಮುಚ್ಚಳದಂತೆ ಕೊಯ್ದು, ಎತ್ತಿ, ಅಡಿಯಲ್ಲಿ ಲೇಸರ್ ಹಾಯಿಸುವುದು ಒಂದು. ಕಣ್ಣಿನೊಳಗೇ ಲೆನ್ಸ್ ಕೂರಿಸುವುದು ಇನ್ನೊಂದು; ಅದು ನಮ್ಮ ಕೈಗೆ ಎಟುಕುವಂಥದ್ದಲ್ಲ. ನನ್ನ ಕಾರ್ನಿಯಾ ತೆಳು, ಮುಚ್ಚಳದ ಬಗೆ ಬೇಡ, ಮೇಲ್ಪದರ ಕೆರೆದು ಲೇಸರ್ ಮಾಡೋಣ, ನಾಲ್ಕೈದು ದಿನ ನೋವಿರುತ್ತದೆ, ನೀರು ಸುರಿಯುತ್ತದೆ ಎಂದರು ಡಾಕ್ಟರು. ಧೂಳು, ಹೊಗೆ ಬೇಡ, ಉಜ್ಜಲೇಬಾರದು. ಅಳಬಹುದಾ ಎಂದು ನಾನೇ ಕೇಳಿದೆ. ಅವರು ನಕ್ಕು, ಕಣ್ಣೀರಿನಿಂದ ಏನೂ ಆಗುವುದಿಲ್ಲ, ಅತ್ತು ಉಜ್ಜಿದರೆ ಮಾತ್ರ ತೊಂದರೆ ಎಂದರು. ಆಗ ನನ್ನ ಗಂಡ ಔಷಧಿ ತರಲು ಹೊರಗೆ ಹೋಗಿದ್ದರು. ಈ ಮಾತು ಅವರ ಕಿವಿಗೆ ಬೀಳಲಿಲ್ಲ.

ಪೆದ್ದಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವರಿಗೆ ನನಗಿಂತ ಹೆಚ್ಚು ಸಂಭ್ರಮ. "ಕಟ್ಟು ಬಿಚ್ಚಿದ್ ಮೇಲೆ ಸೀದಾ ತೋಟಕ್ಕೆ ಬಾಮ್ಮಾ. ಎಷ್ಟ್ ಕಾಯಿ ಇದೆ ಅಂತ ತಿರ್ಗಾ ಕೇಳ್ತೀನಿ," ಎಂದರು.

ಆಪರೇಷನ್ ಆಗಿ ಮೂರನೇ ದಿನ ಬೆಳಿಗ್ಗೆ, ಕೋಲಾರದ ನಮ್ಮ ಮನೆಯಲ್ಲಿ ಕತ್ತಲು ಮಾಡಿಕೊಂಡು ಮಲಗಿದ್ದೆ. ಗಂಡನಿಗೆ ಫೋನ್ ಬಂತು. ಅವರು ವರಾಂಡಕ್ಕೆ ಹೋಗಿ ದನಿ ಇಳಿಸಿದರು. ನಮ್ಮ ಮನೆಯ ಕಿಟಕಿ ಯಾವ ಗುಟ್ಟನ್ನೂ ಉಳಿಸಿಕೊಳ್ಳುವುದಿಲ್ಲ.

"ಅವಳಿಗೆ ಮಾತ್ರ ಹೇಳ್ಬೇಡಿ. ಪೆದ್ದಮ್ಮ ಹೋದ್ರು ಅಂದ್ರೆ ಅತ್ತೂ ಅತ್ತೂ ಕಣ್ಣು ಕಳ್ಕೊಂಬಿಡ್ತಾಳೆ. ತಿಥಿಗೆ ನಾನೇ ಕರ್ಕೊಂಡ್ ಬರ್ತೀನಿ."

ನಾನು ಎದ್ದು ಕೂರಬಹುದಿತ್ತು. ಕಪ್ಪು ಕನ್ನಡಕ ಹಾಕಿ ಕಾರಿನಲ್ಲಿ ಹೋದರೆ ಒಂದೂವರೆ ಗಂಟೆ ದಾರಿ. ಅಳುವುದರಿಂದ ಏನೂ ಆಗದೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೆ ಮಣ್ಣು ಮಾಡುವ ಜಾಗದ ಧೂಳು, ಊದುಬತ್ತಿಯ ಹೊಗೆ, ತಬ್ಬಿಕೊಂಡು ಅಳುವ ಹೆಂಗಸರ ಕೈಗಳು ಕಣ್ಣ ಮುಂದೆ ಬಂದವು. ಇಷ್ಟು ನೋವು ತಿಂದದ್ದು ನೀರಿನಲ್ಲಿ ಹೋಮವಾದರೆ? ಮತ್ತೆ ಕನ್ನಡಕವೇ ಗತಿಯಾದರೆ? ಕನ್ನಡಕ ಕೊಡಿಸಿದವಳು ಸತ್ತು ಮಲಗಿದ್ದಾಗ ನನಗೆ ಬಂದ ಯೋಚನೆ ಇದು. ಮಗ್ಗುಲು ಬದಲಿಸಿ ನಿದ್ದೆ ಬಂದವಳಂತೆ ಬಿದ್ದುಕೊಂಡೆ.

ಮಾಲೂರಿನಲ್ಲಿ ಸ್ವಲ್ಪ ಕೆಲಸವಿದೆ ಎಂದು ಹೇಳಿ ಗಂಡ ಹೊರಟರು. ಸಂಜೆ ಬಂದು ಕಣ್ಣಿಗೆ ಡ್ರಾಪ್ಸ್ ಹಾಕಲು ಬಗ್ಗಿದಾಗ ಅವರ ತಲೆಯಿಂದ ನೀರು ನನ್ನ ಕೈಮೇಲೆ ತೊಟ್ಟಿಕ್ಕಿತು. ತಲೆಗೆ ಸ್ನಾನ ಮಾಡಿದ್ರಾ ಎಂದು ಕೇಳಿದೆ. ಸೆಕೆ ಎಂದರು. ನಾನು ಹೂಂ ಎಂದೆ. ಆಗಲೂ ನನ್ನ ಎರಡೂ ಕಣ್ಣಿಂದ ನೀರು ಇಳಿಯುತ್ತಿತ್ತು. ಆಪರೇಷನ್ನಿನ ನೀರು ಎಂದುಕೊಂಡು ಅವರು ಹತ್ತಿಯಿಂದ ಕೆನ್ನೆ ಒರೆಸಿದರು.

ತಿಥಿಯ ಹಿಂದಿನ ದಿನ ನನ್ನ ಎರಡೂ ಕೈ ಹಿಡಿದುಕೊಂಡು, ತಡವರಿಸಿ, ವಿಷಯ ಹೇಳಿದರು. ಗೊತ್ತಿರಲಿಲ್ಲ ಎನ್ನುವ ಮುಖ ಮಾಡುವುದಷ್ಟೇ ನಟನೆ, ಆಮೇಲಿನ ಅಳು ನಿಜದ್ದೇ.

ರಾಯಲ್ಪಾಡಿನಲ್ಲಿ ಎಲ್ಲರೂ ನನ್ನ ತಲೆ ಸವರಿ, ಪಾಪ ಇವಳಿಗೆ ಗೊತ್ತೇ ಇರಲಿಲ್ಲ ಎಂದರು. ಸಿಟ್ಟೆಲ್ಲ ತಿರುಗಿದ್ದು ನನ್ನ ಗಂಡನ ಕಡೆಗೆ. ಪೆದ್ದಮ್ಮನ ಮಗ ಎಲ್ಲರೆದುರು ಅವರನ್ನು ನಿಲ್ಲಿಸಿಕೊಂಡ.

"ಭಾವ, ನಮ್ಮಮ್ಮ ಇವಳ ಹೆಸರು ಹೇಳ್ಕೊಂಡೇ ಹೋದ್ಲು. ಇವಳ ಕೈಯಿಂದ ಒಂದು ಹಿಡಿ ಮಣ್ಣು ಬೀಳ್ದಂಗೆ ಮಾಡಿದ್ರಲ್ಲ."

ನನ್ನ ಗಂಡ ತಲೆ ತಗ್ಗಿಸಿ ನಿಂತರು. ನಾನು ಕಪ್ಪು ಕನ್ನಡಕದ ಹಿಂದೆ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು, ಬಾಯಿ ಬಿಡಲಿಲ್ಲ. ಅವನ ಬೆನ್ನ ಹಿಂದಿನ ಮರದಲ್ಲಿ ಹನ್ನೊಂದು ಕಾಯಿಗಳಿದ್ದವು. ಬೇಡವೆಂದರೂ ಕಣ್ಣು ಎಣಿಸಿತು.

ಆ ಮನೆಯವರು ಈಗಲೂ ನನ್ನ ಗಂಡನೊಡನೆ ಸರಿಯಾಗಿ ಮಾತಾಡುವುದಿಲ್ಲ. ಮೊನ್ನೆ ಶ್ರೀನಿವಾಸಪುರದ ಮದುವೆಯೊಂದರಲ್ಲಿ ಪೆದ್ದಮ್ಮನ ಮಗ ಇವರನ್ನು ಕಂಡೂ ಕಾಣದವನಂತೆ ಹೋದ. ವಾಪಸು ಬರುವಾಗ, ಮನೆ ಹತ್ತಿರವಾದಾಗ, ಗಂಡ ಹೇಳಿದರು.

"ಅವತ್ತು ನಿಂಗೆ ಹೇಳ್ಬೇಕಿತ್ತು ಕಣೇ. ತಪ್ಪಾಯ್ತು."

"ಹೋಗ್ಲಿ ಬಿಡ್ರೀ," ಎಂದೆ. "ನನ್ನ ಒಳ್ಳೇದಕ್ಕೇ ತಾನೆ ಮಾಡಿದ್ದು."