ವೈನಿಯ ಕಾರಿಗೆ ನಾನು ಹಾಕಿದ ಎಣ್ಣೆ

ವೈನಿ, ನಿಮ್ಮ ಕಾರು ತಾನಾಗಿ ಕೆಡಲಿಲ್ಲ. ಕೆಡಿಸಿದವಳು ನಾನು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ — ಅದಕ್ಕೆ ಬರುವ ಮೊದಲು ಇದನ್ನು ಹೇಳಿಬಿಡುತ್ತೇನೆ.

ನಮ್ಮಣ್ಣನ ಹೆಂಡತಿಯಾಗಿ ಬರುವ ಎಷ್ಟೋ ಮೊದಲು, ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೋತ ಎಡಗಾಲು ನಿಮ್ಮದು. ಕ್ಲಚ್ ತುಳಿಯುವ ಕೆಲಸವಿಲ್ಲದ ಆ ಆಟೊಮ್ಯಾಟಿಕ್ ಕಾರನ್ನು ಅಣ್ಣ ಸೆಕೆಂಡ್‌ಹ್ಯಾಂಡ್ ಕೊಂಡು ತಂದ ಮೇಲೆ ನೀವು, ಆಗ ನಾವೆಲ್ಲ ಒಟ್ಟಿಗಿದ್ದ ಕೋಥರೂಡದ ಮನೆಯಿಂದ ದೂರದ ತಳೇಗಾಂವದ ಕಾರ್ಖಾನೆಯ ಆಫೀಸಿಗೆ ಯಾರ ಹಂಗೂ ಇಲ್ಲದೆ ಹೋಗಿಬರತೊಡಗಿದಿರಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಗೇರನ್ನು ಯಾರೂ ಬದಲಿಸದೆ ಗಾಡಿ ಹೇಗೆ ಓಡುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿದೆ.

ನಿಮ್ಮ ಕಾರಿನ ಗೇರ್‌ಬಾಕ್ಸಿನಲ್ಲಿ ಎರಡು ರಾಟೆಗಳು, ಅವುಗಳ ನಡುವೆ ಉಕ್ಕಿನದೊಂದು ಪಟ್ಟಿ. ಅದನ್ನು ತೊಯ್ಸಿಡುವ ಎಣ್ಣೆ ಪಟ್ಟಿಯನ್ನು ಸವೆಯಗೊಡಬಾರದು, ಜಾರಗೊಡಲೂಬಾರದು. ಎಣ್ಣೆಯ ಗುಣವೇ ಜಾರುವುದಲ್ಲವೆ? ಜಾರಗೊಡದ ಎಣ್ಣೆ — ಅದು ಹೇಗೆ? ಊಟಕ್ಕೆ ಕೂತಾಗಲೂ ಅದೇ ಯೋಚನೆ. ಎಣ್ಣೆ ಬದಲಿಸುವ ಸಮಯ ಬಂದಾಗ ನಾನೇ ಹಾಕುತ್ತೇನೆಂದೆ. ನೀವು ನಕ್ಕು ಕೀಲಿ ಕೊಟ್ಟಿರಿ.

ಕಾರಿನ ಪುಸ್ತಕದಲ್ಲಿ ಇಂಥದೇ ಎಣ್ಣೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅಂಗಡಿಯಲ್ಲಿ ಅದಿರಲಿಲ್ಲ. ತರಿಸಿಕೊಡುತ್ತೇನೆ, ನಾಲ್ಕು ದಿನ ತಡೆಯಿರಿ ಎಂದು ಅಂಗಡಿಯವರು ಮರಾಠಿಯಲ್ಲಿ ಹೇಳಿದರು. ತಡೆಯಲು ನನ್ನಿಂದಾಗಲಿಲ್ಲ. ಬೇರೆ ಆಟೊಮ್ಯಾಟಿಕ್ ಗಾಡಿಗಳಿಗೆ ಹಾಕುವ ಕೆಂಪು ಎಣ್ಣೆಯ ಡಬ್ಬಿ ಕಣ್ಣೆದುರಿಗೇ ಇತ್ತು. ಕಂಪನಿಯವರು ತಮ್ಮ ಮಾಲು ಮಾರಲು ಹಾಗೆ ಬರೆದಿರುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ — ಏನಾಗುತ್ತದೋ ನೋಡೋಣ ಎಂಬ ಕುತೂಹಲವೂ ಇತ್ತು. ನಿಮ್ಮ ಕಾರಿಗೆ, ನಿಮ್ಮನ್ನು ಕೇಳದೆ, ಅದನ್ನೇ ಹಾಕಿದೆ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ಸಂಜೆ ನೀವು ಬೆವರುತ್ತ ಮನೆಗೆ ಬಂದಿರಿ. ಚಾಂದಣಿ ಚೌಕದ ಏರಿನಲ್ಲಿ ಬಲಗಾಲಿನಿಂದ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಎಳೆಯಲಿಲ್ಲ, ಹಿಂದಿನವರೆಲ್ಲ ಹಾರ್ನ್ ಬಾರಿಸಿದರು ಎಂದಿರಿ. ನೋಡಿಬರುತ್ತೇನೆಂದು ನಾನು ಕಾರು ತೆಗೆದುಕೊಂಡು ಹೋದೆ. ಅದೇ ಏರಿನಲ್ಲಿ ಇಂಜಿನ್ ಅರಚಿತು, ಗಾಡಿ ನಡುಗಿತು, ಮುಂದೆ ಸಾಗಲಿಲ್ಲ. ನಾನು ಹಾಕಿದ ಕೆಂಪು ಎಣ್ಣೆಯಲ್ಲಿ ಪಟ್ಟಿ ಜಾರುತ್ತಿತ್ತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು — ಹೇಳಲು ನಾಚಿಕೆ, ಆ ಕ್ಷಣ ಖುಷಿಯೂ ಆಯಿತು.

ಮರಳಿ ಬಂದಾಗ ನೀವು ಬಲಗಾಲನ್ನು ನೀವಿಕೊಳ್ಳುತ್ತ ಕೂತಿದ್ದಿರಿ.

"ಖರೇ ಹೇಳು ಸುಮಾ, ಗಾಡಿ ಛಲೋನ ಅದ, ಹೌದಲ್ಲ? ಈ ಕಾಲಿನ ಶಕ್ತೀನೂ ಹೊಂಟದೇನ?"

"ಇರಬಹುದ್ರಿ ವೈನಿ. ಒಮ್ಮೆ ಡಾಕ್ಟರಿಗೆ ತೋರಸ್ರಿ."

ಆ ದೊಡ್ಡ ತಪ್ಪು ಇದೇ. ಎಲ್ಲ ತಿಳಿದೂ ಆಡಿದ ಮಾತು. ಡಾಕ್ಟರು ಏನೂ ದೋಷವಿಲ್ಲವೆಂದರು, ಆದರೆ ನೀವು ನಂಬಿದ್ದು ನನ್ನನ್ನು. ಅಣ್ಣ ಕಾರು ಮಾರಿದ; ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವುದಾಗದೆ ನೀವು ಕೆಲಸ ಬಿಟ್ಟಿರಿ. ಆಮೇಲಾಮೇಲೆ ಮನೆಯೊಳಗೂ ಗೋಡೆ ಹಿಡಿದು ನಡೆಯತೊಡಗಿದಿರಿ — ಏನೂ ಆಗದ ಕಾಲನ್ನು ನಂಬದೆ. ಯಾಕೆ ಹಾಗೆಂದೆ? ಜಾಣೆ ಎಂಬ ಹೆಸರು ಕೆಡುತ್ತದೆಂದೇ? ಅಣ್ಣ ಬೈಯುತ್ತಾನೆಂದೇ? ಎಷ್ಟು ಹುಡುಕಿದರೂ ಆ ಒಂದು ಮಾತಿಗೆ ತಕ್ಕಷ್ಟು ದೊಡ್ಡ ಕಾರಣ ನನ್ನೊಳಗೆ ಸಿಗುತ್ತಿಲ್ಲ.

ಹೋದ ವಾರ, ಇಷ್ಟು ವರ್ಷಗಳ ಮೇಲೆ, ನಿಮ್ಮ ಮಗಳು ಮೇಧಾ ತನ್ನ ಹೊಸ ಆಟೊಮ್ಯಾಟಿಕ್ ಕಾರಿನ ಕೀಲಿಯನ್ನು ನಿಮ್ಮ ಕೈಗಿಡಲು ಬಂದಳು. ನೀವು ಕೈ ಹಿಂದೆ ತೆಗೆದುಕೊಂಡಿರಿ. "ಬ್ಯಾಡವಾ, ಈ ಕಾಲು ನಂಬೂಹಂಗಿಲ್ಲ" ಎಂದಿರಿ. ನಾನು ಅಲ್ಲೇ ಇದ್ದೆ. ಸುಮ್ಮನೆ ಚಹಾ ಕುಡಿದೆ — ಆಗಲೂ.

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೆಲ್ಲ ಮೇಧಾಳನ್ನೂ ಕೂರಿಸಿಕೊಂಡು ಬಾಯಿಬಿಟ್ಟು ಹೇಳುತ್ತೇನೆ. ಕೇಳಿದ ಮೇಲೂ ನೀವು ಆ ಕೀಲಿ ಮುಟ್ಟದಿರಬಹುದು, ನನ್ನ ಮುಖ ನೋಡದಿರಬಹುದು. ನೀವು ಏನು ಕೇಳಿದರೂ ಉತ್ತರ ಹೇಳುತ್ತೇನೆ. ಹೋಗು ಎಂದರೆ ಹೋಗುತ್ತೇನೆ.