ಬೀಗದಣ್ಣ ಮತ್ತು ಅವನ ಅಕ್ಕ

ಔಷಧಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ನಿಂತ ಮನುಷ್ಯನಿಗೆ ಗಿರಾಕಿಗಳು ಇಟ್ಟ ಹೆಸರು ಬೀಗದಣ್ಣ. ಡಾಕ್ಟರ ಚೀಟಿ ಬೇಕಾದ ಮಾತ್ರೆಗಳೆಲ್ಲ ಅವನ ಬೆನ್ನ ಹಿಂದಿನ ಕಬ್ಬಿಣದ ಕಪಾಟಿನಲ್ಲಿ. ಬೀಗದ ಕೈ ಅವನ ಸೊಂಟದಲ್ಲಿ. ಚೀಟಿಯ ತಾರೀಖು ಒಂದು ದಿನ ಮೀರಿತೋ, ತಲೆ ಮೇಲೆ ತಲೆ ಬಿದ್ದರೂ ಕಪಾಟು ತೆರೆಯುತ್ತಿರಲಿಲ್ಲ. ಚಟದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮೇಲಿನ ಮನೆಯ ಬಡಗಿ ಗಾಂಜಾ ಸೇದುತ್ತಾನೆಂದು ಅವನನ್ನು ಪೊಲೀಸರಿಗೆ ಹಿಡಿದುಕೊಟ್ಟವನೂ ಈ ಮಹಾಶಯನೇ. ಚಟ ಹಿಡಿಸುವುದನ್ನೆಲ್ಲ ಸರ್ಕಾರ ನಿಷೇಧಿಸಿದೆ, ನಿಷೇಧಿಸದ ವಸ್ತುವಿನಿಂದ ಭಯವಿಲ್ಲ ಎಂದು ಬೀದಿಗೆಲ್ಲ ಪಾಠ ಹೇಳಿದ್ದ.

ಇವನನ್ನು ಸಾಕಿ ಬೆಳೆಸಿದವಳು ಅಕ್ಕ. ಅವಳಿಗೆ ನಿದ್ದೆ ಬರಲೆಂದು ಡಾಕ್ಟರು ಬರೆದ ಮಾತ್ರೆಯನ್ನು ಒಂಬತ್ತು ವರ್ಷದಿಂದ ದಿನಾ ನೀರಿನ ಲೋಟದ ಪಕ್ಕ ತಾನೇ ಇಡುತ್ತಿದ್ದ. ಈ ಸಲ ಚೀಟಿಯ ಅವಧಿ ಮುಗಿದಾಗ ಡಾಕ್ಟರು ರಜೆಯಲ್ಲಿದ್ದರು. ಸೋಮವಾರ ಬರುತ್ತಾರೆ, ನಾಲ್ಕು ದಿನ ತಡೆದುಕೋ ಎಂದ. ಎರಡನೆಯ ದಿನ ಅಕ್ಕನ ಕೈ ನಡುಗಿತು. ಮೂರನೆಯ ದಿನ ಬೆವರಿನಲ್ಲಿ ತೊಯ್ದು ಹೋದಳು. "ಒಂದೇ ಒಂದು ಕೊಡೋ," ಎಂದು ಗೋಗರೆದಳು. ಇವನು ಜ್ವರದ ಮಾತ್ರೆ ಕೊಟ್ಟ! ಭಾನುವಾರ ಬೆಳಿಗ್ಗೆ ತರಕಾರಿ ಹೆಚ್ಚುತ್ತಿದ್ದವಳು ಕುರ್ಚಿಯಿಂದ ಉರುಳಿ, ಕಣ್ಣು ಮೇಲಾಗಿ, ಹಲ್ಲು ಕಚ್ಚಿ ಒದ್ದಾಡತೊಡಗಿದಳು.

ಇವನ ಕೂಗಿಗೆ ಮೊದಲು ಓಡಿ ಬಂದವನು ಬಡಗಿ. ಅವನೇ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ.

ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆಯ ಹೆಸರು ಕೇಳಿ ಬೀಗದಣ್ಣನನ್ನು ದುರುಗುಟ್ಟಿ ನೋಡಿದರು. "ಇದನ್ನ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ದು ಯಾರು? ಇಷ್ಟು ವರ್ಷಕ್ಕೆ ಮೈ ಇದಕ್ಕೇ ಒಗ್ಗಿಬಿಟ್ಟಿದೆ. ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಜೀವ ಹೋಗ್ತಿತ್ತು."

"ಚಟ ಏನಲ್ಲ ಮೇಡಂ, ಚೀಟಿ ಇತ್ತು," ಎಂದ.

ಆ ಮಾತು ತನ್ನ ಕಿವಿಗೇ ಬಿದ್ದಾಗ ಮಾತ್ರೆಯ ಡಬ್ಬಿಯೊಳಗಿನ ಹಾಳೆ ನೆನಪಾಯಿತು. ಡಾಕ್ಟರಮ್ಮ ಹೇಳಿದ್ದನ್ನೇ ಅದರಲ್ಲೂ ಬರೆದಿತ್ತು. ಸಾವಿರ ಸಲ ಮಡಚಿ ಇಟ್ಟ ಹಾಳೆ. ಅಕ್ಕನಿಗೂ ಅದಕ್ಕೂ ಸಂಬಂಧವಿದೆಯೆಂದು ಒಮ್ಮೆಯೂ ತೋಚಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಬಡಗಿ ಕೂತಿದ್ದ. ಗಾಂಜಾ ಇಲ್ಲದೆ ಇಪ್ಪತ್ತು ದಿನ ಕಂಬಿ ಎಣಿಸಿ ಬಂದವನು. ನಿದ್ದೆ ಕೆಟ್ಟಿತ್ತಂತೆ, ಸಿಡುಕುತ್ತಿದ್ದನಂತೆ, ಅಷ್ಟೇ. ಬೀಗದಣ್ಣ ಅವನ ಮುಖವನ್ನೇ ನೋಡುತ್ತ ನಿಂತ.

ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟಳು. ತಪ್ಪಾಯಿತು ಎನ್ನಲು ಇವನು ಬಗ್ಗಿದ. ಅವಳು ಕೈ ಚಾಚಿ ತಮ್ಮನ ಸೊಂಟದ ಬೀಗದ ಕೈ ತಡವಿದಳು.

"ಚೀಟಿ ಸಿಕ್ತೇನೋ?"